ಮೆಟ್ಟಿಲು ಇಳಿದದ್ದಕ್ಕೆ ತೊಡೆ ನೋವೇಕೆ?

ಪ್ರಶ್ನೆ: ಗೋಳಗುಮ್ಮಟದ ಮೆಟ್ಟಿಲುಗಳನ್ನು ಹತ್ತುವಾಗ ಏದುಸಿರು ಬಂದರೂ ಇಳಿಯುವುದು ಸಲೀಸಾಗಿತ್ತು. ಆದರೆ ಎರಡನೆಯ ದಿನ ತೊಡೆಯ ಮುಂಭಾಗ ಬಿಗಿದು ನೋಯತೊಡಗಿತು. ಇದಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ನಿಜವಲ್ಲ. ದಣಿವಿನಲ್ಲಿ ಹೆಚ್ಚಿದ ಲ್ಯಾಕ್ಟಿಕ್ ಆಮ್ಲವು ಒಂದೆರಡು ಗಂಟೆಗಳಲ್ಲೇ ತೆರವಾಗುವುದರಿಂದ, ಎರಡನೆಯ ದಿನದ ನೋವಿಗೆ ಅದನ್ನು ದೂರುವಂತಿಲ್ಲ. ಕಾರಣವಿರುವುದು ನಿಮಗೆ ಸಲೀಸೆನಿಸಿದ ಆ ಇಳಿಯುವಿಕೆಯಲ್ಲೇ.

ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ನರದ ಸಂದೇಶ ತಲುಪಿದೊಡನೆ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಪಕ್ಕದ ಆಕ್ಟಿನ್ ತಂತುವನ್ನು ಹಗ್ಗಜಗ್ಗಾಟದ ಕೈಗಳಂತೆ ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ತಂತುಗಳು ತಾವೇ ಕುಗ್ಗದೆ ಒಂದರ ಪಕ್ಕದಲ್ಲೊಂದು ಜಾರುತ್ತವೆಂಬುದನ್ನು 1954ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಪ್ರಕಟಿಸಿದವು. ಎರಡರಲ್ಲೂ ಹಕ್ಸ್‌ಲಿ ಎಂಬ ಹೆಸರಿನವರಿದ್ದರು, ಆದರೆ ಅವರು ಬಂಧುಗಳಲ್ಲ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯುಗಳು ಗಿಡ್ಡವಾಗುತ್ತ ಮೈಯನ್ನು ಮೇಲೆತ್ತುತ್ತವೆ. ಇಳಿಯುವಾಗಲಾದರೋ ಅವು ಮೈಭಾರವನ್ನು ತಡೆಹಿಡಿಯಲು ಬಿಗಿದುಕೊಂಡಿರುವಾಗಲೇ ಉದ್ದಕ್ಕೆ ಜಗ್ಗಲ್ಪಡುತ್ತವೆ. ಈ ಕೆಲಸಕ್ಕೆ ಕಡಿಮೆ ಶಕ್ತಿ ಸಾಕಾದ್ದರಿಂದ ಏದುಸಿರಿಲ್ಲ. ಆದರೆ ದುಡಿಯುವ ನಾರುಗಳ ಸಂಖ್ಯೆಯೂ ಕಡಿಮೆಯಿರುವುದರಿಂದ ಒಂದೊಂದರ ಮೇಲೂ ಹೆಚ್ಚಿನ ಜಗ್ಗು ಬಿದ್ದು ಸೂಕ್ಷ್ಮ ಹಾನಿಯಾಗುತ್ತದೆ. ಅದರ ದುರಸ್ತಿಗೆಂದು ಉಂಟಾಗುವ ಉರಿಯೂತವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ನೋವಾಗಿ ಕಾಣಿಸಿಕೊಂಡು ತಾನಾಗಿಯೇ ಇಳಿಯುತ್ತದೆ. ಕೆಲವು ವಾರಗಳೊಳಗೆ ಮತ್ತೆ ಹತ್ತಿಳಿದರೆ ನೋವು ಬಹಳ ಕಡಿಮೆಯಿರುತ್ತದೆ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು.