ಸ್ಟೀವ್ ಸ್ಪರಿಯರ್ ಗೆಲುವು 228ಆ, 240ಆ?

ಅಮೆರಿಕನ್ ಫುಟ್‌ಬಾಲ್ ಕೋಚ್ ಸ್ಟೀವ್ ಸ್ಪರಿಯರ್ ಬಗ್ಗೆ ನೀವು ಮಾಡ್ತಿರೋ ಪಟ್ಟಿಗೆ ಅವರ ಕಾಲೇಜು ಗೆಲುವು 228ಓ 240ಓ ಅಂತ ಕೇಳಿದ್ದೀರಿ. ಕಾಲೇಜು ಫುಟ್‌ಬಾಲ್ ಲೆಕ್ಕದೊಳಗೆ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ಗೆಲುವು ನುಸುಳಿರಬೇಕು, ಅದಕ್ಕೇ ನಿಮಗೆ ಒಂದು ಕಡೆ 228, ಇನ್ನೊಂದು ಕಡೆ 240 ಕಾಣ್ತಿರೋದು. ನಿಮ್ಮ ಪಟ್ಟಿ ನೋಡದೆ ಹೇಳ್ತಿದ್ದೀನಿ, ಆದ್ರೆ ವ್ಯತ್ಯಾಸ ಸರಿಯಾಗಿ 12. ಎನ್‌ಎಫ್‌ಎಲ್‌ನ ವಾಷಿಂಗ್ಟನ್ ತಂಡದ ಕೋಚ್ ಆಗಿ 2002, 2003ರಲ್ಲಿ ಅವರು ಗೆದ್ದಿದ್ದೂ ಅಷ್ಟೇ. ನಾನೂ ಒಮ್ಮೆ ಕ್ವಿಜ್‌ಗೆ ಪ್ರಶ್ನೆ ಬರೆಯುವಾಗ ಇಲ್ಲೇ ಎಡವಿದ್ದೆ.

ಮೊದಲು ಆ ಎನ್‌ಎಫ್‌ಎಲ್ ಸಾಲನ್ನು ಬೇರೆ ಇಡಿ. ಆಮೇಲೆ ಕಾಲೇಜುಗಳನ್ನಷ್ಟೇ ಕೂಡಿ: ಡ್ಯೂಕ್ 20, ಫ್ಲಾರಿಡಾ 122, ಸೌತ್ ಕ್ಯಾರೊಲೈನಾ 86. 228 ಬಂತಲ್ಲ? ಸೋಲು 89, ಡ್ರಾ 2. ಎಲ್ಲಾದ್ರೂ 275 ಕಂಡರೆ ಯುಎಸ್‌ಎಫ್‌ಎಲ್ ಅನ್ನೋ ಇನ್ನೊಂದು ವೃತ್ತಿಪರ ಲೀಗ್‌ನಲ್ಲಿ ಟ್ಯಾಂಪಾ ಬೇ ಬ್ಯಾಂಡಿಟ್ಸ್ ತಂಡದ ಕೋಚ್ ಆಗಿ ಗೆದ್ದ 35 ಕೂಡ ಸೇರಿದೆ ಅಂತ ತಿಳ್ಕೊಳ್ಳಿ.

ಪಟ್ಟಿಯಲ್ಲಿ ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್ (ಶ್ರೇಷ್ಠರಿಗೆ ಸಿಗೋ ಗೌರವ) ಎರಡು ಸಲ ಬಂದಿದ್ದರೆ ತಪ್ಪಲ್ಲ, ಅಳಿಸಬೇಡಿ: ಆಟಗಾರನಾಗಿ 1986, ಕೋಚ್ ಆಗಿ 2017. ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ (1966) ಆಟಗಾರನ ಭಾಗಕ್ಕೆ, 1996ರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಕೋಚ್ ಭಾಗಕ್ಕೆ ಹಾಕಿ. ಜಾಗ ಉಳಿದ್ರೆ ಫ್ಲಾರಿಡಾ ಪರ ಆಡಿದ 1966ರ ಆಬರ್ನ್ ವಿರುದ್ಧದ ಪಂದ್ಯವನ್ನೂ ಸೇರಿಸಿ. ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕೇ ಕೊನೆಗೆ 40 ಗಜ ದೂರದಿಂದ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದೆಯೋದು) ಒದ್ದು 30-27ಕ್ಕೆ ಗೆಲ್ಲಿಸಿದ್ದು, ಕ್ರಿಕೆಟ್ ಬಿಟ್ಟು ಬೇರೇನೂ ನೋಡದವರಿಗೂ ರುಚಿಸುತ್ತೆ.