ಕತೆಯ ಊರು ಕಣ್ಣಿಗೆ ಕಟ್ಟಬೇಕಾದರೆ

ಪ್ರಶ್ನೆ: ನನ್ನ ಕಾದಂಬರಿ ನಡೆಯುವುದು 1955ರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ನಡುವಿನ ಮಳೆಯ ತಿಂಗಳು), ಕಾಸರಗೋಡಿನ ಬದಿಯಡ್ಕದ ಕಡೆಯ ಅಡಕೆ ತೋಟದ ಮನೆಯೊಂದರಲ್ಲಿ. ಮೊಬೈಲಿನಲ್ಲಿ ಫೋಟೊಗಳ ರಾಶಿಯೇ ಇದೆ. ಬರೆಯಲು ಕೂತರೆ ಮಾತ್ರ ಹಸಿರು, ಮಂಜು, ಮಳೆ ಇಷ್ಟೇ ಬರುತ್ತದೆ. ಏನು ಮಾಡಲಿ?
— ಓದುಗರು, ಪೆರ್ಲ

ಉತ್ತರ: ರಾಶಿಯನ್ನು ಕಡಿಮೆ ಮಾಡಿ. ಒಂದು ದೃಶ್ಯಕ್ಕೆ ಐದಾರು ಚಿತ್ರ ಧಾರಾಳ ಸಾಕು: ದಾರಿಯಿಂದ ಮನೆ ಕಾಣುವ ಬಗೆಗೆ ಒಂದು, ಜಗಲಿಯಿಂದ ಅಂಗಳಕ್ಕೆ ಒಂದು, ಒಳಗಿನ ಬೆಳಕಿಗೆ ಒಂದು. ಉಳಿದವು ಪಾತ್ರದ ಕೈಗೆ, ಕಾಲಿಗೆ ತಾಗುವ ವಸ್ತುಗಳದ್ದಾಗಿರಲಿ. ಪ್ರತಿ ಚಿತ್ರದ ಕೆಳಗೆ ಮೂರು ಸಾಲು ಬರೆಯಿರಿ. ಹೊತ್ತು ಯಾವುದು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಇಲ್ಲಿ ನಡೆಯುವವರಿಗೆ ಅಡ್ಡಿ ಏನು. ಆಮೇಲೆ ಚಿತ್ರ ಮುಚ್ಚಿಟ್ಟು ದೃಶ್ಯ ಬರೆಯಿರಿ. ಚಿತ್ರ ನೋಡುತ್ತಲೇ ಬರೆದರೆ ಇದ್ದದ್ದೆಲ್ಲ ಪಟ್ಟಿಯಾಗುತ್ತದೆ. ಅವಸರದಲ್ಲಿರುವ ಮನುಷ್ಯ ಎಲ್ಲವನ್ನೂ ನೋಡುವುದಿಲ್ಲ.

ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ಫೋಟೊವನ್ನೇ ತೆಗೆದುಕೊಳ್ಳಿ. ಹೆಚ್ಚಿನವುಗಳಲ್ಲಿ ಕಾಣುವುದು ಕತ್ತಲ ಬಾಯಿ ಮಾತ್ರ. ಅಳತೆ ಗೊತ್ತಾದರೆ ಕತೆ ಹುಟ್ಟುತ್ತದೆ: ಎತ್ತರ ಸುಮಾರು ಎರಡು ಮೀಟರ್, ಅಗಲ 45ರಿಂದ 70 ಸೆಂಟಿಮೀಟರ್. ಒಬ್ಬರನ್ನೊಬ್ಬರು ದಾಟಿ ಹೋಗಲಾಗದು. ಮೊದಲು ಒಳಹೊಕ್ಕವನು ಕೊನೆಗೇ ಹೊರಬರಬೇಕು. ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದರೆ ಅವರನ್ನು ಅಲ್ಲಿಗೆ ಕಳಿಸಿ ನೋಡಿ! ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಮೇಲೆ ಪಿಕಾಸಿ ಬಿದ್ದ ಗೆರೆಗಳು, ಬಾಯಿಯ ಹೊರಗೆ ನೀರು ತುಂಬಿಡುವ ಕೆರೆ, ಇಷ್ಟು ಸೇರಿದರೆ ಮಂಜನ್ನು ವರ್ಣಿಸಬೇಕೆಂದೇ ಅನ್ನಿಸದು. ತೋಡಿನ ಮೇಲಿನ ಅಡಕೆ ಮರದ ಸಂಕವನ್ನೂ (ಕಾಲುಸೇತುವೆ) ಹೀಗೇ ನೋಡಿ: ಪಾಚಿ ಕಟ್ಟಿದೆಯೇ, ಹಿಡಿಯಲು ಬಿದಿರು ಇದೆಯೇ?

ಕಾಲದ ವಿಷಯದಲ್ಲಿ ತುಸು ಕಟ್ಟುನಿಟ್ಟಾಗಿರಿ. ಅಂಗಳದ ತುಂಬ ಹೊಂಬಣ್ಣದ ಅಡಕೆ ಹರಗಿದ ಚಿತ್ರ ಎಷ್ಟೇ ಚೆಂದವಿದ್ದರೂ ನಿಮಗೆ ಬೇಡ, ಅದು ಬಿಸಿಲು ಕಾಲದ ಕೆಲಸ. ಮಳೆಗಾಲದಲ್ಲಿ ತೋಟದಲ್ಲಿ ನಡೆಯುವುದು ಕೊಳೆರೋಗಕ್ಕೆ ಮದ್ದು ಬಿಡುವುದು: ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಸೋಗೆಯ ಮೇಲೂ ಬಟ್ಟೆಯ ಮೇಲೂ ಆ ತಿಳಿನೀಲಿ ಕಲೆ ಉಳಿಯುತ್ತದೆ. ನಿಮ್ಮ ಹಸಿರಿನ ನಡುವೆ ಬೇಕಾದ ಬಣ್ಣ ಅದೇ.

ಇನ್ನು 1955. ಕಾಸರಗೋಡು ಆಗ ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿತ್ತು. ಕೇರಳ ಸೇರಿದ್ದು 1956ರ ನವೆಂಬರ್ 1ರಂದು. ಚಿತ್ರದಲ್ಲಿ ವಾಹನದ ಮೇಲೆ ಕಾಸರಗೋಡಿನ ನೋಂದಣಿ ಸಂಖ್ಯೆ ‘ಕೆಎಲ್ 14’ ಕಂಡರೆ ಅದು 1989ರ ನಂತರದ್ದು. ಸ್ಪ್ರಿಂಕ್ಲರ್ ಪೈಪು, ನೀಲಿ ಪ್ಲಾಸ್ಟಿಕ್ ಹಾಳೆ ಇರುವ ಚಿತ್ರಗಳನ್ನೂ ಬದಿಗಿಡಿ. ಆ ಕಾಲಕ್ಕೆ ನೆರವಾಗುವುದು ಮನೆಮನೆಗಳ ಮದುವೆ ಆಲ್ಬಂ. ಮದುಮಕ್ಕಳನ್ನು ಬಿಟ್ಟು ಅವರ ಹಿಂದೆ ನೋಡಿ: ಚಾವಡಿಯ ಕಂಬ, ಬಾಗಿಲ ಚಿಲಕ, ಗೋಡೆಗೆ ತೂಗಿದ ಲಾಟೀನು. ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನ ಹಳೆಯ ಫೋಟೊಗಳು ಅಂತರ್ಜಾಲದಲ್ಲೇ ನೋಡಸಿಗುತ್ತವೆ. ಮನೆಯಿಂದ ಗುಡ್ಡೆಗೆ ಏರುವ ದಾರಿಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆರೆದಿಡಿ. ಎತ್ತರದ ಗೆರೆಗಳು ಒತ್ತಾಗಿರುವಲ್ಲಿ ಏರು ಕಡಿದು, ಅಲ್ಲಿ ನಿಮ್ಮ ಅಜ್ಜಿ ಪಾತ್ರ ಏದುಸಿರು ಬಿಡಲೇಬೇಕು.

ಪ್ರಶ್ನೆ: ಕೆಳದಿಯ ಶಿವಪ್ಪ ನಾಯಕನ ಕಾಲದ (17ನೇ ಶತಮಾನ) ಕತೆಗೆ ಇಂದಿನ ಬೇಕಲ ಕೋಟೆಯ ಚಿತ್ರಗಳನ್ನು ನೆಚ್ಚಿಕೊಳ್ಳಬಹುದೇ?
— ಓದುಗರು, ಕುಂಬಳೆ

ಉತ್ತರ: ಗೋಡೆ, ಬುರುಜು, ಕಡಲು, ಇಷ್ಟಕ್ಕೆ ನೆಚ್ಚಿಕೊಳ್ಳಿ. ಹುಲ್ಲುಹಾಸು, ನೆಲಗಟ್ಟಿದ ಹಾದಿ ತೆಗೆದುಹಾಕಿ. ಊರ ಮನೆಗಳಿಗೆ ಮಂಗಳೂರು ಹಂಚು ಹೊದಿಸಬೇಡಿ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಾಡಿಗೆ ಮುಳಿಹುಲ್ಲೋ ತೆಂಗಿನ ಮಡಲೋ ಇರಲಿ. ಬೇಕಲದ ಪ್ರಸಿದ್ಧ ಚಿತ್ರಗಳಲ್ಲಿ ಸೂರ್ಯ ಕಡಲಿನ ಮೇಲಿದ್ದರೆ ಅದು ಸಂಜೆ. ಅದನ್ನೇ ನೋಡಿ ಮುಂಜಾವು ಬರೆಯುವವರು ಇದ್ದಾರೆ. ಬೆಳಗಿನ ಪಹರೆಯ ಸೈನಿಕನಿಗೆ ಬಿಸಿಲು ಗುಡ್ಡೆಯ ಕಡೆಯಿಂದ, ಬೆನ್ನ ಹಿಂದಿನಿಂದ ಬರಬೇಕು. ಕೋಟೆಯ ನೆರಳು ನೀರಿನತ್ತ ಚಾಚಿರಬೇಕು.