ಮೂವತ್ತು ಯೂರೋದ ಕ್ಯಾಲೆಂಡರ್ ಕೊಳ್ಳಬೇಕೇ ಎಂದು ಕೇಳಿದವರಿಗೆ

ಮೊನ್ನೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕೈಯಲ್ಲಿ ಬಿಸಿಬೇಳೆಬಾತಿನ ಸೌಟು ಇತ್ತು, ನಿಮ್ಮ ಹಿಂದೆ ಜನ ತಟ್ಟೆ ಹಿಡಿದು ನಿಂತಿದ್ದರು. "ಅಕ್ಕಾ, ಅಂಗಡಿಯಲ್ಲಿ ಆಟಿಕೆ ತುಂಬಿದ ಅಡ್ವೆಂಟ್ ಕ್ಯಾಲೆಂಡರ್ ಇಟ್ಟಿದ್ದಾರೆ, ಮೂವತ್ತು ಯೂರೋ. ಮಗ ಬೇಕೇ ಬೇಕು ಎನ್ನುತ್ತಿದ್ದಾನೆ. ಅಷ್ಟು ಕೊಟ್ಟು ತರುವಂಥದ್ದೇ ಅದು?" ಎಂದಿರಿ. ಡಿಸೆಂಬರ್ ಒಂದರಿಂದ ದಿನಕ್ಕೊಂದು ಪುಟ್ಟ ಬಾಗಿಲು ತೆರೆಯುತ್ತ ಕ್ರಿಸ್‌ಮಸ್‌ಗೆ ದಿನ ಎಣಿಸುವ ಪೆಟ್ಟಿಗೆಯ ಮಾತು ಅದು. ಆ ರಾತ್ರಿಯೇ ಇನ್ನೂ ನಾಲ್ಕು ಪ್ರಶ್ನೆ ಬರೆದು ಕಳುಹಿಸಿದಿರಿ. ಅತ್ತೆಯವರು ಇದು ಕ್ರೈಸ್ತರ ಆಚರಣೆಯಲ್ಲವೇ ಎನ್ನುತ್ತಾರಂತೆ. ಎರಡು ವರ್ಷದ ಮಗಳಿಗೂ ಒಂದು ಬೇಕೇ, ಟೀಚರಿಗೆ ಏನಾದರೂ ಕೊಡಬೇಕೇ, ಚಳಿಗೆ ಎಂಥ ಕೋಟು ತರಬೇಕು ಎಂಬುದು ಉಳಿದವು.

ಕೋಟಿನ ವಿಷಯ ನಿಮ್ಮ ಮನೆಯವರ ಸಹೋದ್ಯೋಗಿಗಳೇ ಹೇಳಿಯಾರು. ನನ್ನದು ಒಂದೇ ಮಾತು: ಉಣ್ಣೆಯ ಕಾಲುಚೀಲಕ್ಕೆ ಜಿಪುಣತನ ಮಾಡಬೇಡಿ. ಟೀಚರಿಗೆ ಬೆಲೆಬಾಳುವುದೇನೂ ಬೇಡ, ಮಗ ಬರೆದ ಒಂದು ಕಾರ್ಡು ಸಾಕು. ಕೋಡುಬಳೆ ಮಾಡಿದ್ದರೆ ಒಂದು ಡಬ್ಬಿ ಜೊತೆಗಿಡಿ. ಕ್ಯಾಲೆಂಡರಿನ ಮಾತಿಗೆ ಬರುತ್ತೇನೆ. ಅದನ್ನು ಎರಡು ಸಾಲಿನಲ್ಲಿ ಮುಗಿಸಲು ನನ್ನಿಂದ ಆಗದು.

ನಾವು ಜರ್ಮನಿಯ ನ್ಯೂರೆಂಬರ್ಗಿಗೆ ಬಂದಿದ್ದು 2008ರ ಅಕ್ಟೋಬರಿನಲ್ಲಿ. ಮಗನಿಗೆ ಐದು ತುಂಬಿತ್ತು. ಕಿಂಡರ್‌ಗಾರ್ಟನ್‌ಗೆ ಸೇರಿಸಿದೆವು, ಅಲ್ಲಿ ಒಂದು ಕನ್ನಡ ಮುಖವೂ ಇರಲಿಲ್ಲ. ನವೆಂಬರ್ ಕೊನೆಯ ಶನಿವಾರ ಅಂಗಡಿಯಲ್ಲಿ ಅವನು ಒಂದು ದೊಡ್ಡ ಪೆಟ್ಟಿಗೆಯ ಮುಂದೆ ನಿಂತುಬಿಟ್ಟ. 24 ಪುಟ್ಟ ಬಾಗಿಲು, ಒಂದೊಂದರ ಹಿಂದೆಯೂ ಒಂದು ಆಟಿಕೆ. ಬೆಲೆ ಇಪ್ಪತ್ತು ಯೂರೋ. ಆಗ ನಾನು ಮುಟ್ಟಿದ್ದನ್ನೆಲ್ಲ ರೂಪಾಯಿಗೆ ಗುಣಿಸುತ್ತಿದ್ದೆ. ಸಾವಿರದ ಇನ್ನೂರು ಮುನ್ನೂರು ರೂಪಾಯಿ ಆಯಿತು. ತಿಪಟೂರಿನಲ್ಲಿ ನಮ್ಮಮ್ಮ ಆ ದುಡ್ಡಿನಲ್ಲಿ ಎಷ್ಟು ದಿನ ಮನೆ ನಡೆಸುತ್ತಾರೆ ಎಂದು ಲೆಕ್ಕ ಹಾಕಿದೆ. ಅವನ ಕೈ ಹಿಡಿದು ಎಳೆಯುತ್ತ, "ಅದು ನಮ್ಮದಲ್ಲ, ಬಾ" ಎಂದೆ. ಅವನು ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ಒಳ್ಳೆಯ ಮಗು ಎಂದು ನಾನು ಸಮಾಧಾನಪಟ್ಟುಕೊಂಡೆ.

ಡಿಸೆಂಬರ್ 18, ಗುರುವಾರ. ಕರೆದುಕೊಂಡು ಬರಲು ಹೋದಾಗ ಟೀಚರ್ ನನ್ನನ್ನು ಒಳಗೆ ಕರೆದರು. ನನಗೆ ಬರುತ್ತಿದ್ದ ಜರ್ಮನ್ ಅಷ್ಟಕ್ಕಷ್ಟೇ. ಅವರು ನಿಧಾನವಾಗಿ, ಕೈಸನ್ನೆ ಬೆರೆಸಿ ಹೇಳಿದರು: ನಿಮ್ಮ ಮಗನ ಕ್ಯಾಲೆಂಡರ್ ಎಷ್ಟು ಚೆನ್ನಾಗಿದೆ! ಇಂಥದ್ದು ಭಾರತದಲ್ಲಿ ಸಿಗುತ್ತದೆಯೇ? ನಾನು ಕಣ್ಣು ಕಣ್ಣು ಬಿಟ್ಟೆ. ಅವರು ಒಂದು ಫೈಲು ತೆರೆದು ತೋರಿಸಿದರು. ಬೆಳಗ್ಗೆ ಮಕ್ಕಳೆಲ್ಲ ವೃತ್ತವಾಗಿ ಕುಳಿತು, ಈ ದಿನ ನನ್ನ ಬಾಗಿಲಿನ ಹಿಂದೆ ಏನಿತ್ತು ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ. ಇವನಿಗೆ ಮಾತು ಬರುತ್ತಿರಲಿಲ್ಲವಲ್ಲ, ದಿನವೂ ಚಿತ್ರ ಬರೆದು ತೋರಿಸುತ್ತಿದ್ದನಂತೆ. ಮೂಲೆಯಲ್ಲಿ ಟೀಚರ್ ತಾರೀಖು ಹಾಕಿಟ್ಟಿದ್ದರು. 1, 2, 3, 4, 5, ಆಮೇಲೆ 8. ಶನಿವಾರ ಭಾನುವಾರದ್ದು ಬಿಟ್ಟು ಒಟ್ಟು 14 ಚಿತ್ರ.

ಮೊದಲನೆಯದು ಕೊರಳಿಗೆ ಗಂಟೆ ಕಟ್ಟಿದ ಹಸು. ಎರಡನೆಯದು ಕೊಬ್ಬರಿ ಚೀಲ ಹೇರಿದ ಗಾಡಿ. ಅದಕ್ಕೆ ಕಟ್ಟಿದ್ದು ನಮ್ಮಪ್ಪನ ಹಳ್ಳಿಕಾರ್ ಎತ್ತು, ಕೊಂಬು ಉದ್ದವಾಗಿ ಹಿಂದಕ್ಕೆ ಬಾಗಿತ್ತು. ಟೀಚರ್ ಅದನ್ನು ಹಿಮಸಾರಂಗ ಎಂದುಕೊಂಡಿದ್ದರು. ಆಮೇಲೆ ರಾಟೆಯ ಬಾವಿ, ಕೆಂಪು ಬಸ್, ತುಳಸಿಕಟ್ಟೆ. ಅಜ್ಜನ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಬ್ಬ ಹುಡುಗ ಕುಳಿತಿದ್ದ. ನಮ್ಮ ಮನೆಯಲ್ಲಿ ಒಂದು ಬಾಗಿಲೂ ಇರಲಿಲ್ಲ. ಮಗು ದಿನಾ ಬೆಳಗ್ಗೆ ತಿಪಟೂರಿನ ಮನೆಯಿಂದ ಒಂದೊಂದನ್ನೇ ತೆಗೆದುಕೊಂಡು ಹೋಗಿ ಆ ವೃತ್ತದಲ್ಲಿ ಇಡುತ್ತಿತ್ತು.

ನಾನು ಟೀಚರಿಗೆ ನಿಜ ಹೇಳಲಿಲ್ಲ. ತಲೆ ಆಡಿಸಿ ಬಂದೆ.

ಆ ಸಂಜೆ ಇವರು ಎರಡು ಮೂರು ಅಂಗಡಿ ಸುತ್ತಿ, ಮೂಲೆ ಜಜ್ಜಿಹೋದ ಒಂದು ಪೆಟ್ಟಿಗೆಯನ್ನು ಕಡಿಮೆ ಬೆಲೆಗೆ ತಂದರು. 18 ಬಾಗಿಲನ್ನೂ ಈಗಲೇ ತೆಗೆದುಕೋ ಎಂದೆವು. ಅವನು ಮೂರು ತೆಗೆದ. ಒಳಗಿದ್ದುದನ್ನು ನೋಡಿ ಮತ್ತೆ ಅಲ್ಲೇ ಇಟ್ಟು, ಬಾಗಿಲನ್ನು ಬೆರಳಿನಿಂದ ಒತ್ತಿ ಮುಚ್ಚಿದ. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ, "ಟೀಚರಿಗೆ ಹೇಳಬೇಡಮ್ಮ" ಎಂದ. ಸುಳ್ಳು ಹೇಳಿದ್ದಕ್ಕೆ ಬೈಸಿಕೊಳ್ಳುತ್ತೇನೆ ಎಂಬ ಭಯ. ಆ ಸುಳ್ಳನ್ನು ಅವನ ತಲೆಯ ಮೇಲೆ ಹೊರಿಸಿದವಳು ನಾನು. ಮರುದಿನ ಹದಿನೈದನೆಯ ಚಿತ್ರ ಬರೆದ, ತೆಂಗಿನಮರ ಹತ್ತುತ್ತಿರುವ ಕಾಯಿ ಕೀಳುವವನದು. ಆ ಚಿತ್ರಗಳು ಈಗಲೂ ನನ್ನ ಹತ್ತಿರ ಇವೆ. ಹದಿನೇಳು ವರ್ಷವಾದರೂ ಅವನ್ನು ಒಮ್ಮೆಗೆ ಪೂರ್ತಿ ನೋಡಿ ಮುಗಿಸಲು ನನಗೆ ಆಗಿಲ್ಲ.

ಅದಕ್ಕೇ ನಿಮಗೆ ಮೊದಲು ಹೇಳುವುದು ಇದು: ಡಿಸೆಂಬರ್ ಒಂದರ ಬೆಳಗ್ಗೆ ನಿಮ್ಮ ಮಗನಿಗೆ ತೆರೆಯಲು ಏನಾದರೂ ಇರಲಿ. ಮೂವತ್ತು ಯೂರೋದ್ದೇ ಆಗಬೇಕಿಲ್ಲ. ಚಾಕೊಲೇಟಿನದು ಎರಡು ಮೂರು ಯೂರೋಗೂ ಸಿಗುತ್ತದೆ. ನಿಮ್ಮಂಥ ಸಸ್ಯಾಹಾರಿ ಮನೆಯವರು ಹಿಂಬದಿಯ ಅಕ್ಷರ ಓದಿ ತನ್ನಿ. ಅಂಟು ಮಿಠಾಯಿ ತುಂಬಿದ್ದರಲ್ಲಿ ಬಹುಮಟ್ಟಿಗೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜಿಲೇಟಿನ್ ಇರುತ್ತದೆ.

ಆಟಿಕೆಯದಕ್ಕೆ ಅಷ್ಟು ಬೆಲೆ ತಕ್ಕುದೇ ಎಂದರೆ, ನಿಮ್ಮ ಮನೆಯಲ್ಲಿ ಈಗಾಗಲೇ ಏನಿದೆ ಎಂಬುದನ್ನು ನೋಡಿ ಹೇಳಬೇಕು. ಮೂವತ್ತು ಯೂರೋವನ್ನು 24ಕ್ಕೆ ಹಂಚಿದರೆ ಒಂದಕ್ಕೆ 1 ಯೂರೋ 25 ಸೆಂಟ್. ಅದರಲ್ಲಿ ನಾಲ್ಕೈದು ಗೊಂಬೆ ಚೆನ್ನಾಗಿರುತ್ತವೆ. ಮಿಕ್ಕಿದ್ದು ಒಂದು ಪೊರಕೆ, ಒಂದು ಕುರ್ಚಿ, ಎರಡು ಬೆರಳಿನಷ್ಟು ಫರ್ ಮರ. ನಿಮ್ಮ ಮಗನ ಬಳಿ ಲೆಗೋ ಇಟ್ಟಿಗೆಗಳಿದ್ದರೆ ಲೆಗೋದ್ದು, ಪ್ಲೇಮೊಬಿಲ್ ಕಂಪನಿಯ ಪುಟ್ಟ ಗೊಂಬೆಗಳಿದ್ದರೆ ಪ್ಲೇಮೊಬಿಲ್ಲಿನದು ತನ್ನಿ. ಆಗ ಆ ಪೊರಕೆಗೂ ಕುರ್ಚಿಗೂ ಸೇರಲು ಒಂದು ಮನೆ ಇರುತ್ತದೆ, ಮಗು ವರ್ಷವಿಡೀ ಆಡುತ್ತದೆ. ಏನೂ ಇಲ್ಲದ ಮನೆಗೆ ತಂದರೆ ಜನವರಿಯ ಹೊತ್ತಿಗೆ ಅವು ಸೋಫಾದ ಸಂದಿಯಲ್ಲಿರುತ್ತವೆ. ನನ್ನ ಮಗಳು ಹುಟ್ಟಿದ ಮೇಲೆ, ಅಣ್ಣನಿಗೆ ತಪ್ಪಿದ್ದನ್ನೆಲ್ಲ ಇವಳಿಗೆ ತುಂಬಿಕೊಡಬೇಕು ಎಂದು ಒಂದು ವರ್ಷ ಎರಡೆರಡು ಪೆಟ್ಟಿಗೆ ತಂದೆ. ಹತ್ತನೆಯ ತಾರೀಖಿಗೆಲ್ಲ ಅವಳು ಬಾಗಿಲು ತೆಗೆದು, ಒಳಗಿದ್ದುದನ್ನು ಸರಿಯಾಗಿ ನೋಡದೆಯೇ ಎದ್ದು ಹೋಗತೊಡಗಿದಳು. ಆಸೆಗೂ ಒಂದು ಅಳತೆ ಬೇಕೆಂದು ನನಗೆ ಗೊತ್ತಾಗಿದ್ದು ಹಾಗೆ.

ತರುವುದಾದರೆ ತಡಮಾಡಬೇಡಿ. ಇಲ್ಲಿ ಸೆಪ್ಟೆಂಬರಿನಿಂದಲೇ ಇಟ್ಟಿರುತ್ತಾರೆ, ಮಕ್ಕಳು ಕೇಳುವಂಥವು ಬೇಗ ಖಾಲಿಯಾಗುತ್ತವೆ. ಬೆಲೆ ಇಳಿಯಲಿ ಎಂದು ಕಾಯುವುದು ಆಗಾಗ ಫಲಿಸುತ್ತದೆ, ಆದರೆ ಮೊದಲ ವರ್ಷ ಕಾಯಬೇಡಿ. ಭಾನುವಾರ ಅಂಗಡಿ ಮುಚ್ಚಿರುತ್ತದೆ ಎಂಬುದು ನಿಮಗೆ ಈಗಾಗಲೇ ತಿಳಿದಿರಬೇಕು. ಎರಡು ವರ್ಷದ ಮಗಳಿಗೆ ಆ ಪೆಟ್ಟಿಗೆ ಬೇಡವೇ ಬೇಡ. ಪೆಟ್ಟಿಗೆಯ ಮೇಲೆ ಕೆಂಪು ವೃತ್ತದೊಳಗೆ ಮಗುವಿನ ಮುಖ, 0–3 ಎಂಬ ಅಂಕಿ, ಅಡ್ಡಗೆರೆ ಇದೆಯೇ ನೋಡಿ; ಇದ್ದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು ಎಂದರ್ಥ. ಅಂಥ ಚೂರು ಗಂಟಲಿಗೆ ಹೋದರೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಅಣ್ಣನದನ್ನೂ ಅವಳ ಕೈಗೆ ಎಟುಕದ ಕಡೆ ಇಡಿ. ಅವಳಿಗೆ ಬರೀ ಚಿತ್ರದ ಕ್ಯಾಲೆಂಡರ್ ಸಾಕು.

ಚಿತ್ರದ್ದೆಂದರೆ ಕಡಿಮೆಯದಲ್ಲ. ನಾವು ಮೊದಲಿದ್ದ ಕಟ್ಟಡದ ಕೆಳಮನೆಯ ಅಜ್ಜಿ ಹೇಳುತ್ತಿದ್ದರು: ಅವರು ಚಿಕ್ಕವರಿದ್ದಾಗ ಬಾಗಿಲಿನ ಹಿಂದೆ ಒಂದು ಹಕ್ಕಿಯದೋ ಮೇಣದಬತ್ತಿಯದೋ ಚಿತ್ರ, ಅಷ್ಟೇ. ಕ್ರಿಸ್‌ಮಸ್ ಮುಗಿದ ಮೇಲೆ ಬಾಗಿಲುಗಳನ್ನೆಲ್ಲ ಮುಚ್ಚಿ, ದಪ್ಪ ಪುಸ್ತಕದ ಕೆಳಗೆ ಒತ್ತಿಟ್ಟರೆ ಮುಂದಿನ ವರ್ಷಕ್ಕೂ ಅದೇ. ಒಳಗೆ ಏನಿದೆ ಎಂದು ಗೊತ್ತಿದ್ದೂ ಮತ್ತೆ ಕಾಯುತ್ತಿದ್ದರಂತೆ. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಲುಥೆರನ್ (ಪ್ರೊಟೆಸ್ಟೆಂಟ್ ಕ್ರೈಸ್ತರ) ಮನೆಗಳಲ್ಲಿ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆದಿಡುತ್ತಿದ್ದರು. ಮಕ್ಕಳು ದಿನಕ್ಕೊಂದು ಗೆರೆ ಅಳಿಸುತ್ತಿದ್ದರು. ಮೌಲ್‌ಬ್ರೊನ್ ಎಂಬ ಊರಿನಲ್ಲಿ ಗೆರ್ಹಾರ್ಡ್ ಲಾಂಗ್ ಎಂಬ ಹುಡುಗನಿಗೆ ಅವನ ತಾಯಿ ರಟ್ಟಿನ ಮೇಲೆ 24 ಪುಟ್ಟ ಬಿಸ್ಕತ್ತು ಹೊಲಿದು ಕೊಡುತ್ತಿದ್ದರಂತೆ, ದಿನಕ್ಕೆ ಒಂದು ಕಿತ್ತು ತಿನ್ನಲು. ಅವನೇ ದೊಡ್ಡವನಾಗಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇವುಗಳನ್ನು ಮ್ಯೂನಿಕ್‌ನಲ್ಲಿ ಅಚ್ಚು ಹಾಕಿಸಿ ಮಾರಲು ಶುರುಮಾಡಿದ. ಅಂಗಡಿಯ ಪೆಟ್ಟಿಗೆಗಳ ಮೂಲದಲ್ಲಿ ಸೂಜಿ ದಾರ ಹಿಡಿದು ಕುಳಿತ ಒಬ್ಬ ಅಮ್ಮ ಇದ್ದಾರೆ. ನನಗೆ ಇದು 2008ರಲ್ಲಿ ತಿಳಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಹೊಲಿಗೆ ನನಗೂ ಬರುತ್ತಿತ್ತು. ಸೀಮೆಸುಣ್ಣಕ್ಕೆ ಇಪ್ಪತ್ತು ಯೂರೋ ಬೇಕಿರಲಿಲ್ಲ.

ನಿಮ್ಮ ಅತ್ತೆಯವರ ಮಾತು ಸುಳ್ಳಲ್ಲ. ಇದು ಕ್ರಿಸ್ತ ಜಯಂತಿಗೆ ದಿನ ಎಣಿಸುವ ಕ್ರಮ, ಅದನ್ನು ಮುಚ್ಚಿಡುವುದು ಬೇಡ. ಆದರೆ ನಮ್ಮ ಧನುರ್ಮಾಸವೂ ಡಿಸೆಂಬರ್ ನಡುವಿನಲ್ಲೇ ಶುರುವಾಗುತ್ತದಲ್ಲವೇ? ಕತ್ತಲಿನಲ್ಲಿ ಎದ್ದು, ಹುಗ್ಗಿಯ ಆಸೆಗೆ ದೇವಸ್ಥಾನಕ್ಕೆ ಓಡಿದವರು ನಾವು. ಇಲ್ಲಿ ಬೆಳಗಾಗುವುದು ಎಂಟಕ್ಕೆ, ಸಂಜೆ ನಾಲ್ಕೂಕಾಲಿಗೆ ಕತ್ತಲು. ಈ ಕತ್ತಲಿನಲ್ಲಿ ಮಗುವನ್ನು ಹಾಸಿಗೆಯಿಂದ ಎಬ್ಬಿಸಲು ಇವರೊಂದು ಹುಗ್ಗಿಯ ಪ್ರಸಾದ ಕಂಡುಕೊಂಡಿದ್ದಾರೆ ಎಂದು ಹೇಳಿ ನೋಡಿ. ಹಿರಿಯರಿಗೆ ಅರ್ಥವಾಗುತ್ತದೆ. ನಮ್ಮಮ್ಮನಿಗೆ ಆಯಿತು.

ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಂಡು ಅತ್ತಿದ್ದೆ. ಅಮ್ಮ ಏನೂ ಅನ್ನಲಿಲ್ಲ. ಮುಂದಿನ ಅಕ್ಟೋಬರಿನಲ್ಲಿ ಒಂದು ಪಾರ್ಸೆಲ್ ಬಂತು. ಹಳೆಯ ರವಿಕೆ ಕಣಗಳಲ್ಲಿ ಹೊಲಿದ 24 ಪುಟ್ಟ ಚೀಲ, ಬಾಯಿಗೆ ದಾರ, ಒಂದೊಂದಕ್ಕೂ ಕನ್ನಡ ಅಂಕಿಯ ಕಸೂತಿ. ಒಳಗೆ ಚನ್ನಪಟ್ಟಣದ ಬುಗುರಿ, ಅರಗಿನ ಬಣ್ಣದ ಎತ್ತು, ಚೌಕಾಬಾರಕ್ಕೆ ಕವಡೆ, ಹುಣಸೆಬೀಜ, ಸಕ್ಕರೆ ಅಚ್ಚಿನ ಒಂದು ಆನೆ. ಆನೆಯ ಸೊಂಡಿಲು ದಾರಿಯಲ್ಲಿ ಮುರಿದಿತ್ತು. ಎಲ್ಲ ಚೀಲವನ್ನೂ ಅಮ್ಮ ತುಂಬಿರಲಿಲ್ಲ, ಏಳೆಂಟು ಖಾಲಿ ಇದ್ದವು. "ಅಲ್ಲಿಯದೂ ಹಾಕು" ಎಂದರು. ಇಲ್ಲಿಯ ಅಕ್ರೋಟು, ಲೆಗೋದ ಒಂದು ಗೊಂಬೆ, ಒಂದು ಬಣ್ಣದ ಪೆನ್ಸಿಲ್ ಹಾಕಿದೆ. ಆ ವರ್ಷ ಮಗ ಒಂದನೆಯ ತರಗತಿ. ಬುಗುರಿಯನ್ನು ಶಾಲೆಗೆ ಕೊಂಡೊಯ್ದು ಬೆಂಚಿನ ಮೇಲೆ ಆಡಿಸಿ ತೋರಿಸಿದ. ಸಂಜೆ ಅವನ ಜೊತೆ ಇನ್ನಿಬ್ಬರು ಹುಡುಗರು ಅದನ್ನು ನೋಡಲು ನಮ್ಮ ಮನೆಗೆ ಬಂದರು. ಅವನ ಸ್ನೇಹಿತರೆಂದು ನಮ್ಮ ಮನೆಯೊಳಗೆ ಕಾಲಿಟ್ಟವರಲ್ಲಿ ಅವರೇ ಮೊದಲಿಗರು.

ಇನ್ನೊಂದು ದಿನವನ್ನು ಮರೆಯಬೇಡಿ. ಡಿಸೆಂಬರ್ 5ರ ರಾತ್ರಿ ಮಕ್ಕಳ ಬೂಟನ್ನು ಒರೆಸಿ ಬಾಗಿಲ ಹೊರಗಿಡಿ. ಬೆಳಗ್ಗೆಯೊಳಗೆ ಮಕ್ಕಳಿಗೆ ಉಡುಗೊರೆ ತರುವ ಸಂತ ನಿಕೊಲಾಸ್ ಅದಕ್ಕೆ ಅಕ್ರೋಟು, ಕಿತ್ತಳೆ, ಚಾಕೊಲೇಟು ತುಂಬಿರಬೇಕು. ಇದಕ್ಕೂ ಶಾಲೆಯಲ್ಲಿ ಮಾತು ಬರುತ್ತದೆ. ಮತ್ತೆ, ಕ್ಯಾಲೆಂಡರ್ ತೆರೆಯುವುದು ಬೆಳಗ್ಗೆ ಶಾಲೆಗೆ ಹೋಗುವ ಮೊದಲು. ಬಸ್ಸಿಗೆ ತಡವಾಗುತ್ತದೆ ಎಂದು ಸಂಜೆಗೆ ಮುಂದೂಡಬೇಡಿ, ಹತ್ತು ನಿಮಿಷ ಮೊದಲೇ ಎಬ್ಬಿಸಿ. ಮಗು ಅಲ್ಲಿಗೆ ಹೋಗುವಾಗ ಹೇಳಲು ಒಂದು ಮಾತು ಅದರ ಬಾಯಲ್ಲಿರಬೇಕು.

ಇಷ್ಟೆಲ್ಲ ಓದಿಯೂ ಆ ಪೆಟ್ಟಿಗೆಯನ್ನೇ ತರುವುದಾದರೆ ಸಂತೋಷದಿಂದ ತನ್ನಿ, ರೂಪಾಯಿಗೆ ಮಾತ್ರ ಗುಣಿಸಬೇಡಿ. ಬೇಡವೆನಿಸಿದರೆ ಶನಿವಾರ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ. ಮಗಳೂ ದೊಡ್ಡವಳಾಗಿದ್ದಾಳೆ, ಅಮ್ಮನ ಚೀಲಗಳು ಪೆಟ್ಟಿಗೆಯಲ್ಲಿ ಸುಮ್ಮನೆ ಇವೆ. ಈ ಡಿಸೆಂಬರಿಗೆ ನೀವು ಒಯ್ಯಿರಿ. ಏಳನೆಯದು ಮನೆ ಬದಲಾಯಿಸುವಾಗ ಕಳೆದುಹೋಗಿದೆ, ಅದೊಂದನ್ನು ಹೊಸದಾಗಿ ಹೊಲಿಯಬೇಕು. ನಿಮ್ಮ ಹತ್ತಿರ ಊರಿನಿಂದ ತಂದ ಹಳೆಯ ರವಿಕೆ ಕಣ ಯಾವುದಾದರೂ ಇದ್ದರೆ ತನ್ನಿ.